ಒತ್ತಕ್ಷರ ಬಿಡಿಸುವ ಬ್ಯಾಕ್‌ಸ್ಪೇಸ್: ಓದಲು ತಡವರಿಸುವ ಮಗುವಿಗೆ ಕಂಪ್ಯೂಟರ್ ಬಳಸುವುದು ಹೇಗೆ?

ಮಗು ಓದಲ್ಲ ಅಂತ ಯಾರೋ ಹೇಳಿದ ಆ್ಯಪ್ ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಎದ್ದು ಹೋಗಿಬಿಡುವ ದೊಡ್ಡವರನ್ನು ತುಂಬಾ ನೋಡಿದ್ದೇನೆ. ಮನೆಯಲ್ಲೂ ಅಷ್ಟೇ, ಶಾಲೆಯಲ್ಲೂ ಅಷ್ಟೇ. ಕಂಪ್ಯೂಟರ್ ಪಾಠ ಓದುತ್ತಾ ಇರುತ್ತದೆ, ಮಗು ಕಿಟಕಿ ಆಚೆ ನೋಡುತ್ತಾ ಇರುತ್ತದೆ. ನಾಲ್ಕು ದಿನಕ್ಕೆ ಪಾಠ ಬಾಯಿಪಾಠ ಆಗುತ್ತದೆ. ಓದು ಮಾತ್ರ ಇದ್ದಲ್ಲೇ ಇರುತ್ತದೆ. ಕಣ್ಣು, ಕಿವಿ, ಬಾಯಿ ಮೂರೂ ಒಂದೇ ಪದದ ಮೇಲೆ ನಿಂತಾಗಲೇ ಕಂಪ್ಯೂಟರ್‌ನಿಂದ ಉಪಯೋಗ. ಹಾಗೆ ನಿಲ್ಲಿಸುವುದು ಪಕ್ಕದಲ್ಲಿ ಕೂತ ನಿಮ್ಮ ಕೆಲಸ.

ಶುರು ಮಾಡುವ ಮುನ್ನ ಕಣ್ಣು, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ. ಡಿಸ್‌ಲೆಕ್ಸಿಯಾ, ಅಂದರೆ ಅಕ್ಷರ ಗುರುತಿಸಿ ಓದುವುದೇ ಕಷ್ಟವಾಗುವ ಕಲಿಕಾ ನ್ಯೂನತೆ, ಇರಬಹುದು ಅನ್ನಿಸಿದರೆ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇವೆ. ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಪ್ಪಿಕೊಂಡಿದೆ. ಅದು ಸೋಮಾರಿತನ ಅಲ್ಲ. ಆದರೆ ಸರ್ಟಿಫಿಕೇಟ್ ಬರಲಿ ಅಂತ ಕಾಯಬೇಡಿ, ಅಭ್ಯಾಸ ಇವತ್ತೇ ಶುರುವಾಗಲಿ.

1. ಸಲಕರಣೆ

ಹಳೆಯ ಲ್ಯಾಪ್‌ಟಾಪ್, ಇಂಟರ್ನೆಟ್, ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರ್, ಟೈಪ್ ಮಾಡಲು ಲಿಬ್ರೆ ಆಫೀಸ್‌ನಂಥ ಒಂದು ಪುಕ್ಕಟೆ ತಂತ್ರಾಂಶ. ಇಷ್ಟು ಸಾಕು. ಎಡ್ಜ್‌ನಲ್ಲಿ ಕನ್ನಡ ಓದುವ ಸಪ್ನಾ, ಗಗನ್ ಎಂಬ ಎರಡು ದನಿಗಳು ಪುಕ್ಕಟೆ ಸಿಗುತ್ತವೆ. ಫೋನ್ ಬೇಡ, ಅದರಲ್ಲಿ ಒತ್ತಕ್ಷರ ಇರುವೆ ಥರ ಕಾಣುತ್ತದೆ.

ದುಡ್ಡು ಕೊಟ್ಟು ಏನೂ ಕೊಳ್ಳಬೇಡಿ. ನನಗೆ ಗೊತ್ತಿರುವ ಒಬ್ಬ ತಾಯಿ ‘ಡಿಸ್‌ಲೆಕ್ಸಿಯಾ ವಾಸಿ ಮಾಡುತ್ತೇವೆ’ ಅನ್ನುವ ಆ್ಯಪ್‌ಗೆ ಒಂದು ವರ್ಷದ ಹಣ ಕಟ್ಟಿದರು. ಒಳಗೆ ಇದ್ದದ್ದು ಇಂಗ್ಲಿಷ್ ಅಕ್ಷರದ ಆಟಗಳು ಮಾತ್ರ. ಡಿಸ್‌ಲೆಕ್ಸಿಯಾಗೆಂದೇ ಮಾಡಿದ ಓಪನ್‌ಡಿಸ್‌ಲೆಕ್ಸಿಕ್ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಬಣ್ಣದ ಪರದೆಯಿಂದ ಓದು ಸುಧಾರಿಸುತ್ತದೆ ಅನ್ನುವುದಕ್ಕೂ ಗಟ್ಟಿ ಆಧಾರ ಇಲ್ಲ.

2. ಪಠ್ಯ

ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕತೆಗಳು ಹಂತವಾರು ಸಿಗುತ್ತವೆ. ಮಗು ಐದನೇ ಕ್ಲಾಸಾದರೂ ಒಂದನೇ ಹಂತದಿಂದಲೇ ಶುರು ಮಾಡಿ, ನಾಚಿಕೆ ಬೇಡ.

ಪಠ್ಯಪುಸ್ತಕವೇ ಬೇಕು ಅಂದರೆ ಒಂದು ತೊಡಕಿದೆ. ಪಿಡಿಎಫ್‌ನಿಂದ ಕಾಪಿ ಮಾಡಿ ಅಂಟಿಸಿದರೆ ಎಷ್ಟೋ ಸಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಅದು ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳ ಕಾಟ. ಕಂಪ್ಯೂಟರ್ ದನಿಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಇಲ್ಲವೇ ಗೂಗಲ್ ಲೆನ್ಸ್‌ನಿಂದ ಪುಟದ ಫೋಟೋ ತೆಗೆದು ಅಕ್ಷರ ಎತ್ತಿಕೊಳ್ಳಿ. ಯಾವುದೇ ದಾರಿ ಹಿಡಿದರೂ ಮಗುವಿಗೆ ಕೊಡುವ ಮುಂಚೆ ನೀವೊಮ್ಮೆ ಓದಿ ತಿದ್ದಿ. ಪ ಇದ್ದಲ್ಲಿ ಷ ಬಂದಿರುತ್ತದೆ, ಒತ್ತು ಹಾರಿಹೋಗಿರುತ್ತದೆ. ಮೊದಲೇ ತಡವರಿಸುವ ಮಗುವಿನ ಮುಂದೆ ತಪ್ಪು ಅಕ್ಷರ ಇಡುವುದು ಅನ್ಯಾಯ.

3. ಜೋಡಣೆ

ಪಠ್ಯವನ್ನು ಆ ಟೈಪಿಂಗ್ ತಂತ್ರಾಂಶದಲ್ಲಿ ಅಂಟಿಸಿ. ಅಕ್ಷರದ ಗಾತ್ರ 24, ಫಾಂಟ್ ನೋಟೋ ಸಾನ್ಸ್ ಕನ್ನಡ, ಒಂದು ಸಲಕ್ಕೆ ಐವತ್ತು ಅರವತ್ತು ಪದ. ಸಾಲುಗಳ ನಡುವೆ ಎರಡರಷ್ಟು ಜಾಗ ಬಿಡಲೇಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ವೆಬ್ ಪೇಜ್ ಆಗಿ ಉಳಿಸಿ ಎಡ್ಜ್‌ನಲ್ಲಿ ತೆರೆಯಿರಿ. ಪಿಡಿಎಫ್ ಮಾಡಿದರೆ ಕನ್ನಡದ ಅಕ್ಷರಗಳು ಒಳಗೊಳಗೇ ಹಿಂದುಮುಂದಾಗಿ, ದನಿ ಏನೇನೋ ಓದುವ ಸಾಧ್ಯತೆ ಜಾಸ್ತಿ.

4. ಒತ್ತು ಬಿಡಿಸುವುದು

ಹೆಚ್ಚಿನವರು ಎಡವುವುದು ಇಲ್ಲೇ. ಕೆಲವರಂತೂ ಈ ಹೆಜ್ಜೆಯನ್ನೇ ಬಿಟ್ಟುಬಿಡುತ್ತಾರೆ.

ಒಬ್ಬ ಹುಡುಗ ‘ಹಕ್ಕಿ’ಯನ್ನು ದಿನಾ ‘ಹಕಿಕ’ ಅಂತ ಓದುತ್ತಿದ್ದ. ಗಮನ ಕೊಡಲ್ಲ ಅಂತ ಬೈಸಿಕೊಳ್ಳುತ್ತಿದ್ದ. ಅವನು ನಿಜಕ್ಕೂ ತುಂಬಾ ಗಮನ ಕೊಟ್ಟೇ ಓದುತ್ತಿದ್ದ! ನೀವೇ ನೋಡಿ. ಗುಡಿಸು ಇರುವುದು ಮೇಲಿನ ಕ ಮೇಲೆ, ಆದರೆ ‘ಇ’ ಕೇಳಿಸುವುದು ಕೆಳಗಿನ ಒತ್ತಿನ ಆಮೇಲೆ. ಕಂಡ ಹಾಗೇ ಓದಿದರೆ ಹಕಿಕ ಅಂತಲೇ ಬರುತ್ತದೆ, ಅಲ್ವಾ? ‘ಸೂರ್ಯ’ವೂ ಹಾಗೇ. ಕಿವಿಗೆ ಮೊದಲು ರ್, ಕಣ್ಣಿಗೆ ಮೊದಲು ಯ. ಅರ್ಕಾವತ್ತು ಆಮೇಲೆ ಪಕ್ಕದಲ್ಲಿ ಬಂದು ಕೂತಿರುತ್ತದೆ.

ಇದನ್ನು ಬಿಡಿಸಿ ತೋರಿಸಲು ಕಂಪ್ಯೂಟರ್‌ಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಖಾಲಿ ಪುಟ ತೆರೆದು, ಗಾತ್ರ 60 ಇಟ್ಟು, ‘ಹಕ್ ಕಿ’ ಅಂತ ನಡುವೆ ಜಾಗ ಬಿಟ್ಟು ಟೈಪ್ ಮಾಡಿ. ಮಗು ಎರಡು ತುಂಡನ್ನೂ ಬೇರೆಬೇರೆಯಾಗಿ ಓದಲಿ. ಈಗ ಕರ್ಸರ್ ಅನ್ನು ‘ಕಿ’ಯ ಎಡಕ್ಕೆ, ಅದಕ್ಕೆ ತಾಗಿದಂತೆ ಇಟ್ಟು, ಬ್ಯಾಕ್‌ಸ್ಪೇಸ್ ಒತ್ತಲು ಮಗುವಿಗೇ ಹೇಳಿ. ಅಕ್ಷರಗಳು ಕಣ್ಣೆದುರೇ ಕೂಡಿ ‘ಹಕ್ಕಿ’ ಆಗುತ್ತವೆ. ಎರಡನೇ ಕ ಕೆಳಗಿಳಿಯುತ್ತದೆ, ಅದರ ಗುಡಿಸು ಮೇಲೆ ಹಾರುತ್ತದೆ. ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಮತ್ತೆ ಬಿಡಿಬಿಡಿಯಾಗುತ್ತವೆ. ಕೂಡಿಸುವುದು, ಬಿಡಿಸುವುದು, ಪ್ರತಿ ಸಲ ಜೋರಾಗಿ ಓದುವುದು. ಆ ಹುಡುಗ ಮೊದಲ ಸಲ ಇದನ್ನು ನೋಡಿದಾಗ, ‘ಓ, ಇದು ಕೆಳಗೆ ಹೋಗ್ಬಿಡ್ತು!’ ಅಂತ ಪರದೆ ಮೇಲೆ ಬೆರಳಿಟ್ಟ. ಹತ್ತು ಸಲ ತಾನೇ ಒತ್ತಿದ.

ಸಜಾತಿ ಒತ್ತಿನಿಂದ ಶುರು ಮಾಡಿ: ಅಕ್ಕ, ಅಮ್ಮ, ಹಳ್ಳಿ. ಆಮೇಲೆ ಪುಸ್ತಕ, ರಸ್ತೆ. ಆಮೇಲೆ ಅರ್ಕಾವತ್ತು. ರಾಷ್ಟ್ರ, ಶಾಸ್ತ್ರದಂಥ ಎರಡು ಒತ್ತಿನ ಪದಗಳು ಕೊನೆಗೆ. ದಿನಕ್ಕೆ ಐದು ಪದ ಸಾಕು, ಅವೂ ಇವತ್ತಿನ ಪಾಠದಿಂದಲೇ ಆರಿಸಿದ್ದಾಗಿರಲಿ. ಪಟ್ಟಿ ಮಾಡಿ ಸುಮ್ನೆ ಐವತ್ತು ಪದ ಓದಿಸಬೇಡಿ, ಮಗು ಸೋತುಹೋಗುತ್ತದೆ.

5. ಕೇಳುತ್ತಾ ಓದುವುದು

ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿದರೆ ಎಡ್ಜ್ ಜೋರಾಗಿ ಓದುತ್ತದೆ. ನನಗೆ ಸಪ್ನಾ ದನಿಯೇ ಇಷ್ಟ. ವೇಗ ಚೆನ್ನಾಗಿ ತಗ್ಗಿಸಿ. ಓದುತ್ತಿರುವ ಪದದ ಮೇಲೆ ಬಣ್ಣ ಮೂಡುತ್ತದೆ, ಮಗುವಿನ ಬೆರಳು ಅದರ ಜೊತೆಗೇ ಸಾಗಬೇಕು. ಹೆಡ್‌ಫೋನ್ ಬೇಡ, ದನಿ ನಿಮಗೂ ಕೇಳಬೇಕು. ಹಳೆಯ ಮದುವೆ ಕಾರ್ಡ್ ಕತ್ತರಿಸಿ ಕೆಳಗಿನ ಸಾಲುಗಳನ್ನು ಮುಚ್ಚಿ.

ಮೊದಲ ಸಲ ಬೆರಳು, ಕಿವಿ ಮಾತ್ರ. ಎರಡನೇ ಸಲ ದನಿಯ ಜೊತೆ ಮಗುವೂ ಹೇಳಲಿ. ಮೂರನೇ ಸಲ ದನಿ ನಿಲ್ಲಿಸಿ, ಮಗು ಒಂದೇ ಓದಲಿ. ಸಿಕ್ಕಿಕೊಂಡರೆ ಮೂರು ಎಣಿಸುವಷ್ಟು ಕಾದು ಪದ ಹೇಳಿಕೊಡಿ. ಬಣ್ಣ ಮುಂದೆ ಓಡಿ ಬೆರಳು ಹಿಂದೆ ಉಳಿದರೆ ತಕ್ಷಣ ನಿಲ್ಲಿಸಿ. ಅಲ್ಲಿಂದಾಚೆ ಅದು ಬರೀ ರೇಡಿಯೋ.

6. ರೆಕಾರ್ಡಿಂಗ್

ವಾರಕ್ಕೊಮ್ಮೆ ಮಗು ಒಂದೇ ಓದಿದ್ದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ, ತಾರೀಕು ಹಾಕಿಡಿ. ಇಪ್ಪತ್ತು ನಿಮಿಷ ಮೀರಿ ಯಾವ ದಿನವೂ ಕೂರಿಸಬೇಡಿ. ಎರಡು ತಿಂಗಳಾದ ಮೇಲೆ ಮೊದಲ ವಾರದ ರೆಕಾರ್ಡಿಂಗ್ ಮತ್ತು ಈ ವಾರದ್ದನ್ನು ಒಂದರ ಹಿಂದೆ ಒಂದು ಹಾಕಿ, ಮಗುವಿಗೇ ಕೇಳಿಸಿ.