ಅಯಾನುಗಳನ್ನು ಎಣಿಸಿದ್ದಕ್ಕಿಂತ ಅಸಿಟೋನನ್ನು ಅಳೆದದ್ದೇ ಹೆಚ್ಚು

ಹೈಡ್ರೋನಿಯಂ ಅಯಾನು, ಅಂದರೆ ಒಂದು ಪ್ರೋಟಾನ್ ಹೆಚ್ಚಿಗೆ ಪಡೆದ ನೀರಿನ ಅಣು, ಅಸಿಟೋನ್ ಅಣುವಿಗೆ ಪ್ರೋಟಾನನ್ನು ಎಷ್ಟು ವೇಗವಾಗಿ ದಾಟಿಸುತ್ತದೆ ಎಂದು ಅಳೆಯುವುದು ಸಂಶೋಧನಾ ವಿದ್ಯಾರ್ಥಿಯಾಗಿ ನನಗೆ ಸಿಕ್ಕ ಮೊದಲ ಕೆಲಸ. ಉತ್ತರ ಮೊದಲೇ ಗೊತ್ತಿದ್ದ ಪ್ರಶ್ನೆ ಅದು. ಉಪಕರಣವನ್ನೂ ನನ್ನನ್ನೂ ಒಟ್ಟಿಗೆ ಪರೀಕ್ಷಿಸಲೆಂದೇ ಕೊಟ್ಟಿದ್ದರು. ನೀರಿನ ಪ್ರೋಟಾನ್ ಒಲವು, ಅಂದರೆ ಪ್ರೋಟಾನ್ ಬಂದು ಸೇರಿದಾಗ ಬಿಡುಗಡೆಯಾಗುವ ಶಕ್ತಿ, ಮೋಲಿಗೆ 691 ಕಿಲೋಜೂಲ್, ಅಸಿಟೋನಿನದು 812. ಹೀಗಾಗಿ ಪ್ರೋಟಾನ್ ನೀರನ್ನು ಬಿಟ್ಟು ಅಸಿಟೋನನ್ನು ಸೇರುವುದರಲ್ಲಿ ಶಕ್ತಿಯ ಲಾಭವಿದೆ, ದಾರಿಯಲ್ಲಿ ಹತ್ತಿ ಇಳಿಯಬೇಕಾದ ದಿಬ್ಬವೂ ಇಲ್ಲ. ಹೆಚ್ಚುಕಡಿಮೆ ಪ್ರತಿ ಡಿಕ್ಕಿಯೂ ಕ್ರಿಯೆಯಲ್ಲೇ ಮುಗಿಯುತ್ತದೆ.

ನಾನು ಬಳಸಿದ್ದು ಸಿಫ್ಟ್ ಎಂದು ಕರೆಯುವ, ಆರಿಸಿದ ಅಯಾನನ್ನು ಹರಿವಿನ ಕೊಳವೆಗೆ ಬಿಡುವ ವಿಧಾನ. 1960ರ ದಶಕದಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಫರ್ಗುಸನ್ ಮತ್ತು ಸಂಗಡಿಗರು ರೂಪಿಸಿದ ಕೊಳವೆಯಲ್ಲಿ ಅಯಾನುಗಳು ಒಳಗೇ ಹುಟ್ಟುತ್ತಿದ್ದುದರಿಂದ ಬೇಕಾದವುಗಳ ಜೊತೆ ಬೇಡದವೂ ಸೇರಿಕೊಳ್ಳುತ್ತಿದ್ದವು. 1976ರಲ್ಲಿ ಬರ್ಮಿಂಗ್‌ಹ್ಯಾಮಿನ ಆಡಮ್ಸ್ ಮತ್ತು ಸ್ಮಿತ್ ಅಯಾನುಗಳನ್ನು ಹೊರಗೆ ತಯಾರಿಸಿ, ಅವುಗಳನ್ನು ದ್ರವ್ಯರಾಶಿಯ ಪ್ರಕಾರ ಬೇರ್ಪಡಿಸುವ ಕ್ವಾಡ್ರುಪೋಲಿನಲ್ಲಿ ಜರಡಿ ಹಿಡಿದು, ಒಂದೇ ಬಗೆಯದನ್ನು ಒಳಬಿಡುವ ಕ್ರಮವನ್ನು ಪ್ರಕಟಿಸಿದರು. ನನ್ನ ಉಪಕರಣದಲ್ಲಿ ತೇವದ ಗಾಳಿಯ ಮೂಲಕ ಮೈಕ್ರೋವೇವ್ ವಿದ್ಯುತ್ ವಿಸರ್ಜನೆ ಹಾಯಿಸಿ, ದ್ರವ್ಯರಾಶಿ 19ರ ಹೈಡ್ರೋನಿಯಂ ಒಂದನ್ನೇ ಆರಿಸಿ, 0.5 ಟಾರ್ ಒತ್ತಡದ (ವಾಯುಮಂಡಲದ್ದು 760 ಟಾರ್) ಹೀಲಿಯಂ ಹರಿಯುವ, ಏಳೂವರೆ ಸೆಂಟಿಮೀಟರ್ ವ್ಯಾಸದ ಉಕ್ಕಿನ ಕೊಳವೆಗೆ ಬಿಡುತ್ತಿದ್ದೆ. ಮುಂದೆ ಒಂದೆಡೆ ಅಸಿಟೋನ್ ಆವಿ ಸೇರುತ್ತದೆ. ಅಲ್ಲಿಂದ ಅರ್ಧ ಮೀಟರ್ ಆಚೆ, ಕೊಳವೆಯ ಕೊನೆಯಲ್ಲಿ, ಸೂಜಿಮೊನೆಯಷ್ಟು ರಂಧ್ರದ ಹಿಂದೆ ಎರಡನೆಯ ಕ್ವಾಡ್ರುಪೋಲ್ ಅಯಾನುಗಳನ್ನು ಎಣಿಸುತ್ತದೆ.

ಈ ವಿಧಾನದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಒಳಗೆ ಒಟ್ಟು ಎಷ್ಟು ಅಯಾನುಗಳಿವೆ ಎಂಬುದು ಗೊತ್ತಿರಬೇಕಾಗಿಲ್ಲ. ಅಸಿಟೋನನ್ನು ಹಂತಹಂತವಾಗಿ ಹೆಚ್ಚಿಸುತ್ತ 19ರ ಎಣಿಕೆ ಎಷ್ಟು ಪಾಲು ಇಳಿಯಿತು ಎಂದು ನೋಡಿದರೆ ಸಾಕು. ಎಣಿಕೆಯ ಲಾಗರಿದಮ್ಮನ್ನು ಅಸಿಟೋನಿನ ಸಾಂದ್ರತೆಯೆದುರು ಗುರುತಿಸಿದಾಗ ಇಳಿಜಾರಿನ ನೇರ ಗೆರೆ ಬರುತ್ತದೆ; ಆ ಇಳಿಜಾರನ್ನು ಕ್ರಿಯೆಗೆ ಸಿಕ್ಕ ಸಮಯದಿಂದ ಭಾಗಿಸಿದರೆ ಕ್ರಿಯೆಯ ವೇಗವನ್ನು ಹೇಳುವ ದರ ಸ್ಥಿರಾಂಕ ಸಿಗುತ್ತದೆ. ಸಮಯದ ಲೆಕ್ಕದಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಕಾಲುವೆಯಲ್ಲಿ ನಡುವಿನ ನೀರು ದಡದ ನೀರಿಗಿಂತ ಬೇಗ ಹರಿಯುವಂತೆ ಕೊಳವೆಯ ನಡುವಿನ ಹೀಲಿಯಮ್ಮೂ ಬೇಗ ಹರಿಯುತ್ತದೆ. ಗೋಡೆ ಮುಟ್ಟಿದ ಅಯಾನು ವಿದ್ಯುದಾವೇಶ ಕಳೆದುಕೊಳ್ಳುವುದರಿಂದ ಉಳಿದವು ಬಹುಪಾಲು ನಡುವಿನವೇ. ಹೀಲಿಯಂನ ಸರಾಸರಿ ವೇಗ ಸೆಕೆಂಡಿಗೆ 80 ಮೀಟರ್ ಇದ್ದಾಗ ನನ್ನ ಅಯಾನುಗಳು ಸುಮಾರು 130 ಮೀಟರ್ ವೇಗದಲ್ಲಿದ್ದವು. ಅಂದರೆ ಕ್ರಿಯೆಗೆ ಸಿಗುವುದು ನಾಲ್ಕು ಮಿಲಿಸೆಕೆಂಡ್.

ಅಷ್ಟರಲ್ಲಿ 19ರ ಎಣಿಕೆಯನ್ನು ಶೇಕಡಾ 37ಕ್ಕೆ ಇಳಿಸಲು ಎರಡೂವರೆ ಲಕ್ಷ ಹೀಲಿಯಂ ಪರಮಾಣುಗಳಿಗೆ ಒಂದು ಅಸಿಟೋನ್ ಅಣು ಸಾಕು. ಇಷ್ಟು ಸಣ್ಣ ಪ್ರಮಾಣವನ್ನು ನೇರವಾಗಿ ಅಳೆದು ಬಿಡಲಾಗದು. ಹಾಗಾಗಿ ಅಸಿಟೋನನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಕರಗಿದ್ದ ಗಾಳಿಯನ್ನು ಪಂಪಿನಿಂದ ಎಳೆದು, ಗಾಜಿನ ಬುರುಡೆಯಲ್ಲಿ 5 ಟಾರ್ ಅಸಿಟೋನಿಗೆ ಒಟ್ಟು 500 ಟಾರ್ ಆಗುವವರೆಗೆ ಹೀಲಿಯಂ ತುಂಬಿ, ಶೇಕಡಾ ಒಂದರ ಮಿಶ್ರಣ ಮಾಡಿಕೊಂಡೆ. ಅದನ್ನು ಹರಿವು ನಿಯಂತ್ರಕದ ಮೂಲಕ ನಿಮಿಷಕ್ಕೆ ಕೆಲವೇ ಘನ ಸೆಂಟಿಮೀಟರಿನಂತೆ ಬಿಟ್ಟೆ.

ಗೆರೆ ಬಲು ಚೆನ್ನಾಗಿ ಬಂತು. ಒಂದು ಬಿಂದುವೂ ಅತ್ತಿತ್ತ ಸರಿದಿರಲಿಲ್ಲ. ಉತ್ತರ ಮಾತ್ರ ಸೆಕೆಂಡಿಗೆ 5.6 × 10⁻⁹ ಘನ ಸೆಂಟಿಮೀಟರ್. ಅಸಿಟೋನಿನಂಥ ಧ್ರುವೀಯ (ಒಂದು ತುದಿ ತುಸು ಧನ, ಇನ್ನೊಂದು ತುಸು ಋಣ ಇರುವ) ಅಣುವಿಗೆ ಸು ಮತ್ತು ಚೆಸ್ನಾವಿಚ್ ಅವರ 1982ರ ಸೂತ್ರ ಕೊಡುವ ಡಿಕ್ಕಿಯ ದರವೇ ಸುಮಾರು 3.9 × 10⁻⁹. ಡಿಕ್ಕಿಗಳ ಸಂಖ್ಯೆಗಿಂತ ಕ್ರಿಯೆಗಳ ಸಂಖ್ಯೆ ಹೆಚ್ಚಿರಲು ಸಾಧ್ಯವೇ ಇಲ್ಲ. ಎರಡು ವಾರ ನಾನು ಅಯಾನುಗಳ ಕಡೆಯೇ ತಪ್ಪು ಹುಡುಕಿದೆ. ಹೈಡ್ರೋನಿಯಮ್ಮಿಗೆ ನೀರು ಸೇರಿಕೊಂಡು ದ್ರವ್ಯರಾಶಿ 37 ಮತ್ತು 55ರಲ್ಲಿ ಕಾಣುವ ಗುಂಪುಗಳ ಮೇಲೆ ಅನುಮಾನಪಟ್ಟೆ, ಎಣಿಕೆಯ ಯಂತ್ರವನ್ನು ಬಿಚ್ಚಿ ಜೋಡಿಸಿದೆ, ವೋಲ್ಟೇಜಿನ ತುಡಿತ ಕೊಟ್ಟು ಅಯಾನುಗಳ ವೇಗವನ್ನು ಮತ್ತೆ ಅಳೆದೆ. ಎಲ್ಲವೂ ಸರಿಯಿದ್ದವು. ಕೊನೆಗೆ ಪಕ್ಕದ ಮೇಜಿನ ಹಿರಿಯರೊಬ್ಬರು, “ನಿಯಂತ್ರಕ ಯಾವ ಅನಿಲಕ್ಕೆ ಹೊಂದಿಸಿದ್ದು?” ಎಂದಷ್ಟೇ ಕೇಳಿದರು.

ಅದು ಸಾರಜನಕಕ್ಕೆ ಹೊಂದಿಸಿದ್ದು. ಹೀಲಿಯಂ ಹರಿಸಿದಾಗ ಅದು ತೋರಿಸುವುದರ 1.45 ಪಟ್ಟು ಅನಿಲ ಹೋಗುತ್ತದೆ. ನಿಯಂತ್ರಕದ ಹೊರಹರಿವನ್ನು ಒಂದು ಲೀಟರಿನ ಖಾಲಿ ಪಾತ್ರೆಗೆ ಬಿಟ್ಟು ಗಡಿಯಾರ ಹಿಡಿದು ಕೂತೆ; ನಿಮಿಷಕ್ಕೆ ನಾಲ್ಕು ಟಾರ್ ಏರಬೇಕಾದಲ್ಲಿ ಸುಮಾರು ಆರು ಟಾರ್ ಏರಿತು. 5.6ನ್ನು 1.45ರಿಂದ ಭಾಗಿಸಿದೆ. ಸಿಕ್ಕಿದ್ದು 3.9. ಪ್ರತಿ ಬಿಂದುವೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರಿಂದ ಗೆರೆಯ ನೇರಕ್ಕೆ ಕುಂದು ಬಂದಿರಲಿಲ್ಲ, ಆ ನೇರವೇ ನನ್ನನ್ನು ಎರಡು ವಾರ ದಾರಿ ತಪ್ಪಿಸಿತ್ತು.

ಆ ಮೇಲೆ ಯಾವ ಅನಿಲವಾದರೂ ಪಾತ್ರೆ ತುಂಬಿಸಿ ಅಳೆಯದೆ ನಾನು ಶುರು ಮಾಡುವುದಿಲ್ಲ. ಇನ್ನೊಂದು ಅಭ್ಯಾಸವನ್ನೂ ಅಸಿಟೋನೇ ಕಲಿಸಿತು. ಅದು ನಳಿಕೆಗಳ ಒಳಗೋಡೆಗೆ ಅಂಟಿಕೊಳ್ಳುವ ಸ್ವಭಾವದ್ದು; ಹರಿವು ಹೆಚ್ಚಿಸಿದ ಕೂಡಲೇ ಎಣಿಸಿದರೆ ಕೊಳವೆಯಲ್ಲಿರುವ ಆವಿ ಲೆಕ್ಕಕ್ಕಿಂತ ಕಡಿಮೆ, ತಗ್ಗಿಸಿದ ಕೂಡಲೇ ಎಣಿಸಿದರೆ ಹೆಚ್ಚು. ಅದಕ್ಕಾಗಿ ಪ್ರತಿ ಹಂತದಲ್ಲೂ 59ರಲ್ಲಿ ಕಾಣುವ ಪ್ರೋಟಾನ್ ಪಡೆದ ಅಸಿಟೋನಿನ ಎಣಿಕೆ ಒಂದೇ ಮಟ್ಟದಲ್ಲಿ ನಿಲ್ಲುವವರೆಗೆ ಕಾಯುತ್ತೇನೆ, ಮೇಲಿನ ಹಂತ ಮುಟ್ಟಿದ ಮೇಲೆ ಅವೇ ಹಂತಗಳಲ್ಲಿ ಕೆಳಗಿಳಿಯುತ್ತೇನೆ. ಇಳಿಯುವಾಗಿನ ಬಿಂದುಗಳು ಏರುವಾಗಿನ ಗೆರೆಯ ಮೇಲೆಯೇ ಬೀಳದಿದ್ದರೆ ಆ ದಿನದ ಅಳತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.