ಎಲೆಕ್ಟ್ರಿಕ್ ಬೈಕಿನ ಪಿಕಪ್‌ಗೆ ಕೈ ಪಳಗಿಸುವುದು ಹೇಗೆ

ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ನನ್ನ ಗ್ಯಾರೇಜ್ ಇದೆ. ಪೆಟ್ರೋಲ್ ಗಾಡಿ ಬಿಟ್ಟು ಎಲೆಕ್ಟ್ರಿಕ್ ಬೈಕ್ ತೊಗೊಂಡವರು ಮೊದಲ ವಾರ ಬಂದು ಹೇಳುವುದು ಒಂದೇ ಮಾತು: "ಅಣ್ಣಾ, ಗಾಡಿ ಒಮ್ಮೆಲೆ ಜಗ್ಗತದ." ಬಹಳ ಸಲ ಗಾಡಿಯಲ್ಲಿ ತೊಂದರೆ ಇರುವುದಿಲ್ಲ. ಬಲಗೈಗೆ ಹಳೆಯ ರೂಢಿ ಇರುತ್ತದೆ, ಅಷ್ಟೆ.

ಸ್ಪ್ಲೆಂಡರ್‌ನಂಥ ಗಾಡಿ ಪೂರ್ತಿ ಜಗ್ಗಬೇಕಾದರೆ ಎಂಜಿನ್ ನಿಮಿಷಕ್ಕೆ ಸುಮಾರು 6000 ಸುತ್ತು ತಿರುಗಬೇಕು. ಅದಕ್ಕೇ ರೇಸ್ ಕೊಟ್ಟು, ಹಾಫ್ ಕ್ಲಚ್ ಹಿಡಿದು, ಮೆಲ್ಲಗೆ ಬಿಡುತ್ತೇವೆ. ಮೋಟರ್‌ಗೆ ಆ ಕಾಯುವಿಕೆ ಇಲ್ಲ. ನಿಂತಲ್ಲಿಂದಲೇ ಬಲ ಸಿಗುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಕ್ಲಚ್ಚೂ ಇಲ್ಲ, ಗೇರೂ ಇಲ್ಲ.

ಮೊದಲು ಪಿಕಪ್ ಮೆತ್ತಗಿರುವ ಇಕೋ ಮೋಡ್‌ಗೆ ಹಾಕಿ, ಹೊಸ ಲೇಔಟ್‌ನ ಖಾಲಿ ರಸ್ತೆಗೆ ಹೋಗಿ. ಮೊಣಕೈ ಸಡಿಲ ಬಿಟ್ಟು, ಮೈ ಸ್ವಲ್ಪ ಮುಂದೆ ಬಾಗಿಸಿ, ಎಕ್ಸಲೇಟರ್ ಕೂದಲೆಳೆಯಷ್ಟು ತಿರುಗಿಸಿ. ಗಾಡಿ ಉರುಳಿದ ಮೇಲೇ ಮುಂದಿನ ಎಳೆ. ಮೈ ಹಿಂದಕ್ಕೆ ವಾಲಿದರೆ ಕೈಯೂ ಜೊತೆಗೆ ತಿರುಗಿ ರೇಸ್ ಇನ್ನೂ ಜಾಸ್ತಿ ಆಗುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ನಿಂತ ಗಾಡಿಯದು. ಜಗತ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತು ಸುಮ್ನೆ ರೇಸ್ ಮಾಡುವ ಚಟ ಎಷ್ಟು ಜನಕ್ಕಿದೆ, ಅಲ್ವಾ? ಪೆಟ್ರೋಲ್ ಗಾಡಿ ನ್ಯೂಟ್ರಲ್‌ನಲ್ಲಿದ್ದರೆ ಅದು ಬರೀ ಸದ್ದು. ಎಲೆಕ್ಟ್ರಿಕ್ ಗಾಡಿ ಮುಂದಿನವರ ಮೇಲೇ ಹೋಗುತ್ತದೆ. ಆನ್ ಆಗಿದ್ದರೂ ಸದ್ದಿರುವುದಿಲ್ಲ. ಹಾಗಾಗಿ ನಿಂತಾಗ ಬ್ರೇಕ್ ಹಿಡಿದಿರಿ. ಅಂಗಡಿ ಮುಂದಿನಿಂದ ಗಾಡಿ ತೆಗೆಯುವಾಗ ಆಫ್ ಮಾಡಿ ತಳ್ಳಿ. ಮಕ್ಕಳನ್ನು ಮುಂದೆ ಕೂರಿಸಿಕೊಂಡು ಗಾಡಿ ಆನ್ ಇಟ್ಟು ನಿಲ್ಲಲೇಬೇಡಿ. ಆ ಪುಟ್ಟ ಕೈ ನೇರ ಎಕ್ಸಲೇಟರ್‌ಗೇ ಹೋಗುತ್ತದೆ.

ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಗಳು ಎರೆ ಮಣ್ಣನ್ನು ಡಾಂಬರಿನ ಮೇಲೆ ಮೆತ್ತಿರುತ್ತವೆ. ಶಹಾಬಾದ್ ಕಡೆ ಕಲ್ಲಿನ ಪುಡಿ ಬಿದ್ದಿರುತ್ತದೆ. ಅಂಥಲ್ಲಿ ಪಿಕಪ್ ಜೋರಿರುವ ಸ್ಪೋರ್ಟ್ ಮೋಡ್ ಬೇಡ, ಹಿಂದಿನ ಗಾಲಿ ಜಾರುತ್ತದೆ.

ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿ ಓವರ್‌ಟೇಕ್ ಮಾಡುವಾಗ ಲೆಕ್ಕ ಬೇರೆ. ಮೋಟರ್ ಜೋರಾಗಿ ತಿರುಗಿದಷ್ಟೂ ಅದರೊಳಗೇ ಬ್ಯಾಟರಿಯ ವೋಲ್ಟೇಜಿಗೆ ಎದುರಾದ ವೋಲ್ಟೇಜ್ ಹುಟ್ಟಿ ಎಳೆತ ತಗ್ಗುತ್ತದೆ. 20ರಲ್ಲಿ ಸಿಕ್ಕ ಜಗ್ಗು 70ರಲ್ಲಿ ಸಿಗುವುದಿಲ್ಲ. ಗೇರ್ ಇಳಿಸಿ ಜೋರು ಪಡೆಯೋಣವೆಂದರೆ ಗೇರೇ ಇಲ್ಲ. ಚಾರ್ಜ್ ಕಡಿಮೆಯಿದ್ದಾಗ, ಮೇ ತಿಂಗಳ ಬಿಸಿಲಲ್ಲಿ ಬ್ಯಾಟರಿ ಕಾದಾಗ ಪಿಕಪ್ ಇನ್ನೂ ಇಳಿಯಬಹುದು. ಎದುರಿನ ರಸ್ತೆ ದೂರದವರೆಗೆ ಖಾಲಿ ಕಂಡರೆ ಮಾತ್ರ ಹೋಗಿ.

ಎಕ್ಸಲೇಟರ್ ಬಿಡುವುದನ್ನೂ ಕಲಿಯಬೇಕು. ಮೋಟರ್ ಬ್ಯಾಟರಿಗೆ ಕರೆಂಟ್ ವಾಪಸ್ ಕಳಿಸುವ ಗಾಡಿಯಲ್ಲಿ ಒಮ್ಮೆಲೆ ಬಿಟ್ಟರೆ ಬ್ರೇಕ್ ಹಿಡಿದಂತೆ ಆಗುತ್ತದೆ. ಬ್ಯಾಟರಿ ಫುಲ್ ಇದ್ದಾಗ ಆ ಹಿಡಿತ ಕಡಿಮೆ, ಆಗ ಕೈಯ ಬ್ರೇಕನ್ನೇ ನಂಬಿ.

ಹಿಂದೆ ಅವ್ವ ಸೀರೆಯುಟ್ಟು ಒಂದೇ ಕಡೆ ಕಾಲು ಹಾಕಿ ಕೂತಿದ್ದಾಳೆ ಅನ್ನಿ. ಪೆಟ್ರೋಲ್ ಗಾಡಿಯ ಸದ್ದು ಏರಿದರೆ ಅವಳೇ ಹಿಡಿದುಕೊಳ್ಳುತ್ತಿದ್ದಳು. ಈಗ ನೀವೇ "ಹಿಡ್ಕೊಂಡಿಯೇನವ್ವಾ?" ಅಂತ ಕೇಳಿ, ಉತ್ತರ ಬಂದ ಮೇಲೆ ಎಕ್ಸಲೇಟರ್ ತಿರುಗಿಸಿ.