ಮಲೆನಾಡಿನ ಅಡುಗೆಮನೆಯಲ್ಲೇ ಕೊರಿಯಾದ ತಂಪು ಪಾನಕ

ಕೊರಿಯಾದವರಿಗೆ ಸೆಕೆ ಜುಲೈ, ಆಗಸ್ಟ್‌ನಲ್ಲಿ. ಆ ಹೊತ್ತಿಗೆ ನಮ್ಮ ಆಗುಂಬೆ, ತೀರ್ಥಹಳ್ಳಿ ಕಡೆ ಕಂಬಳಿ ಹೊದ್ದು ಕೂರುವಂಥ ಮಳೆ. ನಮಗೆ ತಂಪು ಬೇಕಾಗುವುದು ಮಾರ್ಚ್‌ನಿಂದ ಮೇ ತನಕ, ಅದರಲ್ಲೂ ಶಿವಮೊಗ್ಗ ಪೇಟೆಯಲ್ಲಿ ಮಧ್ಯಾಹ್ನ ಹೊರಗೆ ಕಾಲಿಡೋಕೆ ಆಗದ ದಿನಗಳಲ್ಲಿ. ಮಜ್ಜಿಗೆ, ಎಳ್ಳಿನ ಪಾನಕ ಬಿಡಿ ಅಂತ ಹೇಳ್ತಿಲ್ಲ, ಅವುಗಳ ಜೊತೆಗೆ ಇವನ್ನೂ ಸೇರಿಸಿಕೊಳ್ಳಿ. ಅಲ್ಲಿನ ಹಳೇ ಪಾನೀಯಗಳಲ್ಲಿ ಹೆಚ್ಚಿನವು ಅಕ್ಕಿ, ಬಾರ್ಲಿ, ಶುಂಠಿ, ಚಕ್ಕೆಯಿಂದಲೇ ಆಗುವಂಥವು. ದುಬಾರಿ ಪೊಟ್ಟಣ ತರಿಸುವ ಅಗತ್ಯವಿಲ್ಲ.

ಎಲ್ಲಕ್ಕಿಂತ ಸುಲಭ ಬೋರಿಚಾ. ಅಂಗಡಿ ಬಾರ್ಲಿಯನ್ನು ಸಣ್ಣ ಉರಿಯಲ್ಲಿ ಕಾಫಿ ಬೀಜದ ಬಣ್ಣ ಬರುವ ತನಕ ಹುರಿಯಿರಿ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಹಾಕಿ ಕಾಲು ಗಂಟೆ ಕುದಿಸಿ, ಸೋಸಿ, ಫ್ರಿಜ್‌ನಲ್ಲಿಡಿ. ಸಕ್ಕರೆ ಬೇಡ. ಅಲ್ಲಿ ಇದನ್ನು ಕುಡಿಯುವ ನೀರಿನ ಬದಲೇ ಕುಡಿಯುತ್ತಾರೆ. ಕೆಫೀನ್ ಇಲ್ಲ, ಹಾಗಾಗಿ ಮಕ್ಕಳಿಗೂ ಕೊಡಬಹುದು.

ಮಿಸುತ್‌ಗಾರು ಅಂದರೆ ನಮ್ಮ ಹುರಿಹಿಟ್ಟಿನ ಹತ್ತಿರದ ಸಂಬಂಧಿ. ಅಕ್ಕಿ, ಬಾರ್ಲಿ, ಕಪ್ಪು ಸೋಯಾ, ಎಳ್ಳು, ಇವನ್ನು ಬೇರೆ ಬೇರೆಯಾಗಿಯೇ ಹುರಿಯಬೇಕು, ಯಾಕೆಂದರೆ ಅಕ್ಕಿ ಕೆಂಪಾಗುವಷ್ಟರಲ್ಲಿ ಎಳ್ಳು ಕರಕಲಾಗಿರುತ್ತೆ. ಆರಿದ ಮೇಲೆ ನುಣ್ಣಗೆ ಪುಡಿ ಮಾಡಿ. ಲೋಟಕ್ಕೆ ಮೂರು ಚಮಚ ಪುಡಿ, ತಣ್ಣನೆ ಹಾಲು, ಐಸ್. ಅಲ್ಲಿ ಜೇನುತುಪ್ಪ ಹಾಕುತ್ತಾರೆ, ನನಗೆ ಕೇಳಿದರೆ ನಮ್ಮ ಜೋನಿ ಬೆಲ್ಲ ಇದಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತೆ. ಚಮಚದಲ್ಲಿ ಕಲಸಿದರೆ ಗಂಟಾಗುತ್ತೆ, ಮುಚ್ಚಳದ ಬಾಟಲಿಗೆ ಮೊದಲು ಹಾಲು, ಆಮೇಲೆ ಪುಡಿ ಹಾಕಿ ಕುಲುಕಿ. ಬೆಳಿಗ್ಗೆ ತಿಂಡಿ ತಿನ್ನೋಕೆ ಪುರುಸೊತ್ತಿಲ್ಲದವರಿಗೆ ಒಂದು ಲೋಟ ಸಾಕು.

ಇನ್ನು ಸಿಖ್ಯೆ. ನಿಜವಾಗಿ ಕಲಿಯಬೇಕಾದದ್ದು ಇದನ್ನೇ. ಮೊಳಕೆ ಬಾರ್ಲಿಯ ನೀರಲ್ಲಿ ಅನ್ನವನ್ನು ಬೆಚ್ಚಗಿಟ್ಟರೆ, ಮೊಳಕೆಯಲ್ಲಿರುವ ಕಿಣ್ವ ಅನ್ನದ ಪಿಷ್ಟವನ್ನು ಸಕ್ಕರೆ ಮಾಡುತ್ತೆ. ಅಲ್ಲಿನ ಜಿಮ್‌ಜಿಲ್‌ಬಾಂಗ್‌ಗಳಲ್ಲಿ, ಅಂದರೆ ಬೆವರಿಳಿಸುವ ಬಿಸಿ ಕೋಣೆಗಳಿರುವ ಸ್ನಾನಗೃಹಗಳಲ್ಲಿ, ಜನ ಬೇಯಿಸಿದ ಮೊಟ್ಟೆ ಜೊತೆ ತಣ್ಣಗೆ ಕುಡಿಯುವುದು ಇದನ್ನೇ.

ಗಂಜಿಗೆ ತರುವ ಬಿಳಿ ಬಾರ್ಲಿ ಇದಕ್ಕೆ ಆಗಲ್ಲ. ಅದು ಪಾಲಿಶ್ ಆಗಿರುತ್ತೆ, ಮೊಳಕೆ ಬರಲ್ಲ. ಸಿಪ್ಪೆ ಸಮೇತ ಇರುವ ಜವೆಗೋಧಿಯನ್ನೇ, ಅಂದರೆ ಪಾಲಿಶ್ ಆಗದ ಬಾರ್ಲಿಯನ್ನೇ ಕೇಳಿ ತನ್ನಿ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ದಿನಾ ನೀರು ಚಿಮುಕಿಸುತ್ತಾ ಮೂರ್ನಾಲ್ಕು ದಿನ ಇಡಿ. ಮೊಳಕೆ ಕಾಳಿನಷ್ಟೇ ಉದ್ದ ಆದಾಗ ಬಿಸಿಲಿಗೆ ಹರಡಿ ಗರಿಗರಿ ಒಣಗಿಸಿ, ತರಿತರಿಯಾಗಿ ಪುಡಿ ಮಾಡಿ. ರಾಗಿ ಮಾಲ್ಟ್‌ಗೆ ಹುರಿಯುವ ಹಾಗೆ ಇದನ್ನು ಹುರಿಯಬೇಡಿ, ಹುರಿದರೆ ಕಿಣ್ವ ಸತ್ತು ಹೋಗುತ್ತೆ, ಆಮೇಲೆ ಎಷ್ಟು ಹೊತ್ತಿಟ್ಟರೂ ಅನ್ನ ಸಿಹಿಯಾಗಲ್ಲ.

ಎರಡು ಕಪ್ ಪುಡಿಯನ್ನು ಎರಡು ಲೀಟರ್ ಉಗುರುಬೆಚ್ಚಗಿನ ನೀರಲ್ಲಿ ಒಂದು ಗಂಟೆ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ. ಮತ್ತೆ ಒಂದೆರಡು ಗಂಟೆ ಅಲುಗಾಡಿಸದೆ ಇಟ್ಟರೆ ತಳದಲ್ಲಿ ಬಿಳಿ ಗಸಿ ನಿಲ್ಲುತ್ತೆ. ಮೇಲಿನ ತಿಳಿಯನ್ನಷ್ಟೇ ಮೆಲ್ಲಗೆ ಬಗ್ಗಿಸಿಕೊಳ್ಳಿ, ಗಸಿ ಬಂದರೆ ಪಾನಕ ಗಂಜಿ ಗಂಜಿ ಆಗುತ್ತೆ. ಬಿಳಿ ಅಕ್ಕಿಯ ಉದುರುದುರಾದ ಅನ್ನ ಎರಡು ಕಪ್ ರೈಸ್ ಕುಕ್ಕರ್‌ಗೆ ಹಾಕಿ, ಈ ತಿಳಿ ಸುರಿದು, 'ವಾರ್ಮ್'ನಲ್ಲಿ ನಾಲ್ಕೈದು ಗಂಟೆ ಬಿಡಿ. ಕೊರಿಯಾದ ಮನೆಗಳಲ್ಲೂ ಈಗ ಹೀಗೇ ಮಾಡುತ್ತಾರೆ. ಬಿಸಿ 60ರಿಂದ 65 ಡಿಗ್ರಿ ಇರಬೇಕು, ಅಂದರೆ ಬೆರಳು ಅದ್ದಿದ ಕೂಡಲೇ ಹಿಂದೆ ತೆಗೆಯುವಷ್ಟು. ಜಾಸ್ತಿ ಬಿಸಿಯಾದರೆ ಕಿಣ್ವ ಹಾಳು, ಬರೀ ಬೆಚ್ಚಗಿದ್ದರೆ ಹುಳಿ ಬರುತ್ತೆ. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ ಅಲ್ವಾ, ಹಾಗೇನಾದರೂ ಆದರೆ ಎಲ್ಲವನ್ನೂ ದೊಡ್ಡ ಹಾಟ್‌ಕೇಸ್‌ಗೆ ಸುರಿದು ಮುಚ್ಚಿಡಿ.

ಐದಾರು ಅಗುಳು ಮೇಲೆ ತೇಲಿ ಬಂದವೋ, ಆಯಿತು ಅಂತ ಲೆಕ್ಕ. ಅಗುಳನ್ನು ಬೆರಳಲ್ಲಿ ಒತ್ತಿ ನೋಡಿ, ಒಳಗಿನ ಸತ್ವವೆಲ್ಲ ನೀರಿಗಿಳಿದು ಸಿಪ್ಪೆಯಂತೆ ಹಗುರ ಆಗಿರುತ್ತೆ. ಅಗುಳನ್ನು ಸೋಸಿ ತಣ್ಣೀರಲ್ಲಿ ತೊಳೆದು ಬೇರೆ ಇಡಿ. ನೀರಿಗೆ ಜಜ್ಜಿದ ಶುಂಠಿ, ಅರ್ಧ ಕಪ್ ಸಕ್ಕರೆ ಹಾಕಿ ಹತ್ತು ನಿಮಿಷ ಕುದಿಸಿ, ನೊರೆ ತೆಗೆದು ತಣ್ಣಗೆ ಮಾಡಿ. ಕುಡಿಯುವಾಗ ಲೋಟಕ್ಕೆ ಒಂದು ಚಮಚ ಅಗುಳು. ಅಲ್ಲಿ ಮೇಲೆ ಪೈನ್ ಬೀಜ ತೇಲಿಸುತ್ತಾರೆ, ನಾವು ಗೋಡಂಬಿ ಚೂರು ಹಾಕೋಣ. ಫ್ರಿಜ್‌ನಲ್ಲಿ ಮೂರು ದಿನ ಧಾರಾಳವಾಗಿ ಇರುತ್ತೆ.

ಓಮಿಜಾ ಅನ್ನುವ ಕೆಂಪು ಹಣ್ಣಿನ ಪಾನಕವೂ ಇದೆ. ಸಿಹಿ, ಹುಳಿ, ಕಹಿ, ಉಪ್ಪು, ಖಾರ ಐದೂ ಇರುವ ಹಣ್ಣು ಅದು, ನಮ್ಮಲ್ಲಿ ಸಿಗಲ್ಲ. ಮುರುಗಲು ಅದರ ಜಾಗ ಪೂರ್ತಿ ತುಂಬಲ್ಲ, ಆದರೆ ಬಣ್ಣ ಮತ್ತು ಹುಳಿ ಕೊಡುತ್ತೆ, ಸಾಗರದ ಕಡೆಯವರಿಗೆ ಮನೆಯಲ್ಲೇ ಇರುತ್ತೆ. ವಿಧಾನ ಮಾತ್ರ ಅವರದ್ದೇ ಇರಲಿ: ಓಮಿಜಾವನ್ನು ಕುದಿಸಿದರೆ ಕಹಿ ಏರುತ್ತೆ ಅಂತ ಅವರು ತಣ್ಣೀರಲ್ಲೇ ರಾತ್ರಿಯಿಡೀ ನೆನೆಸುತ್ತಾರೆ. ಒಣ ಮುರುಗಲು ಸಿಪ್ಪೆಯನ್ನೂ ಹಾಗೇ ನೆನೆಸಿ, ಸೋಸಿ, ಜೇನು ಬೆರೆಸಿ, ಮರಸೇಬಿನ ತೆಳು ಹೋಳು ತೇಲಿಬಿಡಿ.

ಕೊನೆಯದು ಸುಜೋಂಗ್ವಾ, ಶುಂಠಿ ಮತ್ತು ಚಕ್ಕೆಯದ್ದು. ಎರಡನ್ನೂ ಒಂದೇ ಪಾತ್ರೆಗೆ ಹಾಕಬೇಡಿ. ಬೇರೆ ಬೇರೆ ಅರ್ಧ ಗಂಟೆ ಕುದಿಸಿ, ಸೋಸಿ, ಆಮೇಲೆ ಸೇರಿಸಿ ಸಕ್ಕರೆ ಹಾಕಿ ಇನ್ನೊಂದು ಕುದಿ ಬರಿಸಿ. ಆಗ ಎರಡರ ಘಮವೂ ಉಳಿಯುತ್ತೆ. ಒಣಗಿಸಿದ ಪರ್ಸಿಮನ್ ಹಣ್ಣು ಸಿಗದಿದ್ದರೆ ಖರ್ಜೂರ ಹಾಕಿ. ಖಾರ ಇರುತ್ತೆ, ಹಾಗಾಗಿ ಊಟ ಆದ ಮೇಲೆ ಸಣ್ಣ ಲೋಟದಲ್ಲಿ, ಚೆನ್ನಾಗಿ ತಣ್ಣಗಾದ ಮೇಲೇ ಕೊಡಿ.